ಹಿತ್ತಲಿನ ಬಿದಿರು: ಮೂರು ವರ್ಷ ಹಿಡಿದ ಒಂದು ಪ್ರಕರಣ

"ಹಾಳೆ ಹೊದಿಸಿ ಹತ್ತು ತಿಂಗಳಾಯಿತು. ಹಾಳೆಯ ಕೆಳಗೆ ಒಂದೂ ಇಲ್ಲ. ಹಾಳೆಯಿಂದ ಆರು ಅಡಿ ಆಚೆ, ಸಾಮಾನು ಕೋಣೆಯ ಬಾಗಿಲಿನ ಬಳಿ ಎಂಟು ಎದ್ದಿವೆ. ನೀನೇ ಬಂದು ನೋಡು." ಅಕ್ಕ ಫೋನಿನಲ್ಲಿ ಇಷ್ಟು ಹೇಳಿ ಸುಮ್ಮನಾದಳು. ಹಿಂದಿನಿಂದ ಭಾವ "ಒಂಬತ್ತು" ಎಂದು ತಿದ್ದಿದ್ದು ಕೇಳಿಸಿತು.

ಅವರ ಹಿತ್ತಲು ದೊಡ್ಡದೇನಲ್ಲ. ಹಿಂಗೋಡೆಯ ಉದ್ದ 36 ಅಡಿ, ಗೋಡೆಯಿಂದ ಮನೆಗೆ 20 ಅಡಿ. ಆ ಮನೆಯಲ್ಲಿ ಮೊದಲಿದ್ದವರು ಹಿಂದಿನ ಮನೆಯ ಕಿಟಕಿ ಕಾಣದಿರಲೆಂದು ಗೋಡೆಯುದ್ದಕ್ಕೂ ಬಿದಿರು ನೆಟ್ಟಿದ್ದರು. ಅಕ್ಕ ಮನೆ ಕೊಂಡಾಗ ಅದು ಮೂರಡಿ ಅಗಲದ ಹಸಿರು ಪರದೆಯಂತಿತ್ತಂತೆ. ಬೆಳಗ್ಗೆ ಹಕ್ಕಿ, ಮಧ್ಯಾಹ್ನ ನೆರಳು. ನಾಲ್ಕು ವರ್ಷದಲ್ಲಿ ಆ ಪರದೆ ಹಿತ್ತಲಿನ ಅರ್ಧಕ್ಕೆ ಬಂದು ನಿಂತಿತ್ತು. ನಡುವಿನ ಕಲ್ಲುಹಾಸಿನ ಸಂದಿಗಳಲ್ಲಿ ಮೊನೆಗಳು ಕಾಣಿಸಿಕೊಂಡಿದ್ದವು.

ತೋಟದ ಕೆಲಸದಲ್ಲಿ ನನಗೆ ಒಂದಿಷ್ಟು ಅನುಭವವಿದೆ. ಬಿದಿರಿನ ವಿಷಯದಲ್ಲಿ ಆಗ ಇದ್ದದ್ದು ಓದಿ ತಿಳಿದದ್ದು ಮಾತ್ರ. ಆದ್ದರಿಂದ ಈ ಪ್ರಕರಣದಲ್ಲಿ ತಪ್ಪುಗಳಿವೆ. ಅವುಗಳಲ್ಲಿ ದುಬಾರಿಯಾದದ್ದು ನನ್ನದೇ.

ನಾನು ಹೋಗುವ ಮೊದಲು ನಡೆದದ್ದು

ಭಾವ ಮೊದಲು ಮಾಡಿದ ಕೆಲಸ ಎಲ್ಲರೂ ಮಾಡುವಂಥದ್ದೇ. ಚಳಿಗಾಲದ ರಜೆಯಲ್ಲಿ ಮಚ್ಚು ಹಿಡಿದು ಎಲ್ಲ ಗಳಗಳನ್ನೂ ಕಡಿದರು. ಎರಡು ದಿನದಲ್ಲಿ ಹಿತ್ತಲು ಬಯಲಾಯಿತು, ಮನಸ್ಸಿಗೂ ತೃಪ್ತಿಯಾಯಿತು. ಆದರೆ ಚಳಿಗಾಲದ ಕೊನೆಯೆಂದರೆ ಈ ಜಾತಿಯ ಬಿದಿರು ನೆಲದೊಳಗೆ ಪಿಷ್ಟವನ್ನು ತುಂಬಿಟ್ಟುಕೊಂಡು ಮುಂದಿನ ಚಿಗುರಿಗೆ ಕಾಯುವ ಹೊತ್ತು. ಆಗ ಕಡಿಯುವುದು, ಕಾಳು ಕಣಜ ಸೇರಿದ ಮೇಲೆ ಹೊಲಕ್ಕೆ ಬೆಂಕಿ ಇಟ್ಟಂತೆ. ಎರಡು ತಿಂಗಳಲ್ಲಿ, ಕಡಿದದ್ದಕ್ಕಿಂತ ಒತ್ತಾಗಿ ಕಳಲೆಗಳು ಎದ್ದವು.

ಮಚ್ಚಿನಿಂದ ಓರೆಯಾಗಿ ಕಡಿದದ್ದರಿಂದ ಇನ್ನೊಂದು ತೊಂದರೆ ಹುಟ್ಟಿತು. ಉಳಿದ ಕೂಳೆ ಒಂದೊಂದೂ ಈಟಿಯ ಮೊನೆಯಾಗಿತ್ತು. ಅಕ್ಕನ ಮಗಳ ರಬ್ಬರ್ ಚಪ್ಪಲಿಯನ್ನು ತೂರಿ ಒಂದು ಮೊನೆ ಹೆಬ್ಬೆರಳ ಪಕ್ಕದಲ್ಲಿ ಮೇಲೆ ಬಂದಿತ್ತು. ಕಾಲು ಉಳಿದದ್ದು ಪುಣ್ಯ. ಬಿದಿರನ್ನು ಗರಗಸದಿಂದ, ನೆಲಮಟ್ಟಕ್ಕೆ, ಅಡ್ಡಡ್ಡಲಾಗಿ ಕೊಯ್ಯಬೇಕು. ಗಳದಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಗರಗಸದ ಹಲ್ಲು ಬೇಗ ಮೊಂಡಾಗುತ್ತದೆ. ಬದಲಿ ಅಲಗು ಮೊದಲೇ ತಂದಿಟ್ಟುಕೊಳ್ಳುವುದು ಒಳ್ಳೆಯದು.

ಆಮೇಲೆ ಯಾರೋ ಹೇಳಿದರೆಂದು ಉಪ್ಪು ಸುರಿದರು, ಕುದಿಯುವ ನೀರು ಹೊಯ್ದರು. ಕುದಿನೀರಿನ ಬಿಸಿ ಎರಡು ಬೆರಳಿನಾಳಕ್ಕೆ ಆರಿಹೋಗುತ್ತದೆ. ಉಪ್ಪು ಮಣ್ಣನ್ನು ಕೆಡಿಸುತ್ತದೆ. ಬದಿಯಲ್ಲಿದ್ದ ಎರಡು ಗುಲಾಬಿ ಗಿಡಗಳು ಒಣಗಿದವು, ಬಿದಿರು ತಲೆಕೆಡಿಸಿಕೊಳ್ಳಲಿಲ್ಲ. ಕೊನೆಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಕಲ್ಲು ಹೇರಿದರು. ಹುಲ್ಲು, ಕಳೆಗಳಿಗೆ ಈ ಉಪಾಯ ಸಾಕು. ಬಿದಿರೂ ಹುಲ್ಲಿನ ಕುಟುಂಬದ್ದೇ ಆದರೂ ಅದರ ನೆಲದೊಳಗಿನ ಕಾಂಡ ಕತ್ತಲೆಯಲ್ಲೇ ಬದುಕುವಂಥದ್ದು. ಹಾಳೆಯ ಕೆಳಗೆ ಅದು ನಡೆದುಕೊಂಡು ಹೋಗಿ, ಬೆಳಕು ಸಿಕ್ಕ ಕಡೆ ಮೇಲೆದ್ದಿತು. ಅಕ್ಕ ಫೋನ್ ಮಾಡಿದ್ದು ಆಗ.

ಯಾವ ಬಿದಿರು?

ಹೋದ ದಿನ ನಾನು ಮೊದಲು ಕೇಳಿದ್ದು ಜಾತಿಯನ್ನು. "ಬಿದಿರು ಬಿದಿರೇ ಅಲ್ಲವೇ?" ಎಂದರು ಭಾವ. ಅಲ್ಲ. ಜಗತ್ತಿನಲ್ಲಿ 1,400ಕ್ಕೂ ಹೆಚ್ಚು ಜಾತಿಯ ಬಿದಿರುಗಳಿವೆ. ತೋಟದ ಮಟ್ಟಿಗೆ ಅವನ್ನೆಲ್ಲ ಎರಡು ಗುಂಪು ಮಾಡಿದರೆ ಸಾಕು: ಮೆಳೆ ಕಟ್ಟುವವು ಮತ್ತು ಓಡುವವು. ಬ್ಯಾಂಬೂಸಾ, ಡೆಂಡ್ರೊಕಲಾಮಸ್‌ನಂಥವು ಮೆಳೆ ಕಟ್ಟುತ್ತವೆ. ಅವುಗಳ ಬೇರುಕಾಂಡ ಗಿಡ್ಡ, ದಪ್ಪ. ಒಂದು ಗೇಣು ಮುಂದೆ ಹೋಗಿ ಮೇಲಕ್ಕೆ ತಿರುಗಿ ತಾನೇ ಗಳವಾಗುತ್ತದೆ. ಅಂಥ ಮೆಳೆಯನ್ನು ತೆಗೆಯುವುದು ಬೆವರಿಳಿಸುವ ಕೆಲಸ, ಆದರೆ ಬುಡವನ್ನು ಕಿತ್ತರೆ ಕೆಲಸ ಮುಗಿಯಿತು. ಫಿಲೋಸ್ಟ್ಯಾಕಿಸ್, ಸಾಸಾ, ಪ್ಲಿಯೋಬ್ಲಾಸ್ಟಸ್ ಕುಲಗಳವು ಓಡುವವು. ಇವುಗಳ ಬೇರುಕಾಂಡ ಹಗ್ಗದಂತೆ ನೆಲದೊಳಗೆ ಅಡ್ಡಲಾಗಿ ಹರಿಯುತ್ತದೆ. ಪ್ರತಿ ಗಿಣ್ಣಿನಲ್ಲೂ ಒಂದು ಮೊಗ್ಗು. ಆ ಮೊಗ್ಗು ಗಳವಾಗಬಹುದು, ಹೊಸ ಕವಲಾಗಿ ಓಡಬಹುದು, ಅಥವಾ ಸುಮ್ಮನೆ ಮಲಗಿರಬಹುದು.

ಅಕ್ಕನ ಹಿತ್ತಲಿನಲ್ಲಿ ಕಡಿಯದೆ ಉಳಿದಿದ್ದ ಎರಡು ಗಳಗಳು ಗುರುತು ಹೇಳಿದವು. ಪ್ರತಿ ಗಿಣ್ಣಿನಿಂದ ಎರಡೆರಡು ರೆಂಬೆ, ಒಂದು ದಪ್ಪ, ಒಂದು ತೆಳು. ರೆಂಬೆ ಹೊರಟಲ್ಲಿಂದ ಮೇಲಿನ ಗಿಣ್ಣಿನವರೆಗೆ ಉದ್ದುದ್ದಕ್ಕೆ ಒಂದು ತೋಡು, ಬೆರಳಾಡಿಸಿದರೆ ತಿಳಿಯುತ್ತದೆ. ಈ ಎರಡೂ ಸೇರಿದರೆ ಅದು ಫಿಲೋಸ್ಟ್ಯಾಕಿಸ್. ಬುಡದ ಬಳಿ ಗಿಣ್ಣುಗಳು ಒತ್ತೊತ್ತಾಗಿ ಸೊಟ್ಟಸೊಟ್ಟಗೆ ಇದ್ದದ್ದರಿಂದ ಫಿಲೋಸ್ಟ್ಯಾಕಿಸ್ ಔರಿಯಾ, ಅಂದರೆ ಹೊಂಬಣ್ಣದ ಬಿದಿರು ಎಂದು ನಿರ್ಧರಿಸಿದೆ. ಚೀನಾ ಮೂಲದ ಇದನ್ನು ಪರದೆಗೆಂದೇ ಅನೇಕ ದೇಶಗಳಲ್ಲಿ ನೆಟ್ಟಿದ್ದಾರೆ. ನೆಟ್ಟವರಲ್ಲಿ ಬಹಳ ಮಂದಿ ಈಗ ಕೀಳುತ್ತಿದ್ದಾರೆ.

ಇನ್ನೊಂದು ವಿಷಯವನ್ನು ಅಕ್ಕನಿಗೆ ಬಿಡಿಸಿ ಹೇಳಬೇಕಾಯಿತು. ಬಿದಿರಿನ ಗಳ ಮರದಂತೆ ವರ್ಷ ವರ್ಷ ದಪ್ಪವಾಗುವುದಿಲ್ಲ. ನೆಲದಿಂದ ಹೊರಬರುವಾಗ ಎಷ್ಟು ದಪ್ಪವೋ ಕೊನೆಯವರೆಗೂ ಅಷ್ಟೇ. ಎತ್ತರವನ್ನು ಕೆಲವೇ ವಾರಗಳಲ್ಲಿ ಮುಗಿಸಿಬಿಡುತ್ತದೆ. ಕೆಲವು ಜಾತಿಗಳು ದಿನಕ್ಕೆ 91 ಸೆಂ.ಮೀ.ವರೆಗೆ ಬೆಳೆದ ದಾಖಲೆಯಿದೆ. ಇಷ್ಟು ವೇಗಕ್ಕೆ ಬೇಕಾದ ಆಹಾರವನ್ನು ಎಲೆಯಿಲ್ಲದ ಕಳಲೆ ತಾನೇ ತಯಾರಿಸಲಾರದು. ಎಲ್ಲವೂ ಕೆಳಗಿನ ದಾಸ್ತಾನಿನಿಂದ ಬರುತ್ತದೆ. ರೆಂಬೆ ಹರಡಿ ಎಲೆ ಬಿಚ್ಚಿದ ಮೇಲಷ್ಟೇ ಸಾಲ ತೀರಿಸಲು ತೊಡಗುತ್ತದೆ. ಹಾಗಾದರೆ ಸಾಲ ಮಾಡಲು ಬಿಡಬೇಕು, ತೀರಿಸಲು ಬಿಡಬಾರದು. ಕಳಲೆ ಎದ್ದು ಉದ್ದವಾಗಲಿ, ಎಲೆ ಬಿಚ್ಚುವ ಮೊದಲು ಕೊಯ್ಯಿರಿ. ಮತ್ತೆ ಎದ್ದರೆ ಮತ್ತೆ ಕೊಯ್ಯಿರಿ. ದಾಸ್ತಾನು ಬರಿದಾಗುವವರೆಗೆ ಇಷ್ಟೇ ಕೆಲಸ. ನಾನು ಹೇಳಿದ್ದು ಇದನ್ನೇ. ತತ್ತ್ವ ಸರಿಯಾಗಿತ್ತು.

ನನ್ನ ತಪ್ಪು

ಆ ವಸಂತದಲ್ಲಿ ಅಕ್ಕ ಹೇಳಿದಂತೆಯೇ ಮಾಡಿದಳು. ಸೊಂಟದೆತ್ತರಕ್ಕೆ ಬಂದ ಕಳಲೆಗಳನ್ನು ಎರಡು ದಿನಕ್ಕೊಮ್ಮೆ ಕೊಯ್ದಳು, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಎಣಿಕೆ ಬರೆದಳು. ಮೊದಲ ಸುತ್ತಿನಲ್ಲಿ 140ರಷ್ಟು. ದಾಸ್ತಾನು ಕರಗುತ್ತಿದ್ದರೆ ಎರಡನೇ ಸುತ್ತಿನವು ತೆಳ್ಳಗೆ, ಕಡಿಮೆ ಸಂಖ್ಯೆಯಲ್ಲಿ ಬರಬೇಕು. ಬಂದವು ಮೊದಲಿನಷ್ಟೇ ದಪ್ಪ. ಅದೂ ಹಿಂಗೋಡೆಗೆ ಹತ್ತಿರವಾದಷ್ಟೂ ದಪ್ಪ.

ಇದನ್ನು ಫೋಟೋದಲ್ಲಿ ನೋಡಿದಾಗ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. "ಹಳೆಯ ಬಿದಿರು, ದಾಸ್ತಾನು ಹೆಚ್ಚು, ಇನ್ನೊಂದು ಸುತ್ತು ನೋಡೋಣ" ಎಂದೆ. ಮೂರನೇ ಸುತ್ತಿನ ಹೊತ್ತಿಗೆ ಅಕ್ಕನ ಸ್ವರದಲ್ಲಿ ನನ್ನ ಮೇಲಿನ ನಂಬಿಕೆ ತೆಳುವಾಗುತ್ತಿತ್ತು, ಕಳಲೆಗಳು ಆಗುತ್ತಿರಲಿಲ್ಲ.

ಮತ್ತೆ ಹೋದಾಗ ಗುದ್ದಲಿ ತೆಗೆದುಕೊಂಡು ಹೋದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಹಿತ್ತಲಿನ ಹನ್ನೆರಡು ಕಡೆ ಒಂದೂವರೆ ಅಡಿ ಆಳದ ಗುಂಡಿ ತೋಡಿ, ಸಿಕ್ಕ ಬೇರುಕಾಂಡಗಳ ದಿಕ್ಕನ್ನು ಕಾಗದದ ಮೇಲೆ ಗೆರೆ ಎಳೆದು ಗುರುತಿಸಿದೆ. ಬೇರುಕಾಂಡ ಕವಲೊಡೆಯುವುದು ತಾನು ಹೋಗುತ್ತಿರುವ ದಿಕ್ಕಿಗೆ ವಾಲಿಕೊಂಡು. ಹೀಗಾಗಿ ಕವಲನ್ನು ನೋಡಿದರೆ ಅದು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಎಂದು ಓದಬಹುದು. ಗೋಡೆಯ ಬುಡದ ಗುಂಡಿಗಳಲ್ಲಿ ಕಂಡ ಗೆರೆಗಳೆಲ್ಲ ಒಂದೇ ಮಾತು ಹೇಳಿದವು. ಅಕ್ಕನ ಹಿತ್ತಲಿನಿಂದ ಹೊರಟ ಬೇರುಕಾಂಡಗಳು ಗೋಡೆಯ ಗಿಡ್ಡ ಅಡಿಪಾಯದ ಕೆಳಗೆ ನುಸುಳಿ ಆಚೆ ಹೋಗಿದ್ದವು.

ಕುರ್ಚಿ ಹತ್ತಿ ಇಣುಕಿದರೆ, ಆಚೆಯ ತೋಟದಲ್ಲಿ ಹದಿನೈದು ಅಡಿ ಎತ್ತರದ ಹಸಿರು ಬಿದಿರು, ತುಂಬು ಎಲೆ. ಕಣ್ಣೆದುರೇ ಇತ್ತು. ಅದು ಅವರದ್ದೇ ಬೇರೆ ಬಿದಿರು ಎಂದು ನಾವೆಲ್ಲ ತಿಳಿದಿದ್ದೆವು. ಮೇಲೆ ಗೋಡೆಯಿತ್ತಲ್ಲ!

ಅದು ಬೇರೆ ಬಿದಿರಲ್ಲ. ಒಂದೇ ಗಿಡ, ಎರಡು ತೋಟಗಳಲ್ಲಿ. ಓಡುವ ಬಿದಿರಿನಲ್ಲಿ ಬೇರುಕಾಂಡದ ಸಂಪರ್ಕ ಇರುವವರೆಗೆ ಗಳಗಳು ನೀರನ್ನೂ ಆಹಾರವನ್ನೂ ಹಂಚಿಕೊಳ್ಳುತ್ತವೆ. ಅಕ್ಕ ಈಚೆ ಕೊಯ್ದು ಕೊಯ್ದು ಹಸಿವಿಗೆ ಕೆಡವುತ್ತಿದ್ದ ಬಿದಿರಿಗೆ ಆಚೆಯ ಎಲೆಗಳು ದಿನವೂ ಊಟ ಕಳಿಸುತ್ತಿದ್ದವು. ಭಾವ ಚಳಿಗಾಲದಲ್ಲಿ ಕಡಿದದ್ದು, ಹಾಳೆ ಹೊದಿಸಿದ್ದು ಸೋತದ್ದರಲ್ಲೂ ಇದರ ಪಾಲಿತ್ತು. ಒಂದು ಇಡೀ ಚಿಗುರುಗಾಲ ನನ್ನ ಮಾತಿನಿಂದ ವ್ಯರ್ಥವಾಯಿತು.

ಹಿಂದಿನ ಮನೆಯ ಮೇಷ್ಟ್ರು

ಅಲ್ಲಿರುವವರು ನಿವೃತ್ತ ಶಿಕ್ಷಕರು. ಗುಂಡಿ ತೋಡುವ ಮೊದಲು ಭಾವನ ಲೆಕ್ಕಾಚಾರ ಬೇರೆಯಿತ್ತು: ಅವರ ಬಿದಿರು ನಮ್ಮ ಕಡೆ ನುಗ್ಗಿದೆ, ಹೋಗಿ ಗಟ್ಟಿಯಾಗಿ ಮಾತನಾಡಬೇಕು ಎಂದು. ನಕ್ಷೆ ನೋಡಿದ ಮೇಲೆ ದೂರು ಕೊಡಬೇಕಾದವರು ಕ್ಷಮೆ ಕೇಳಬೇಕಾದವರಾದರು. ಇಂಥ ಹೊಣೆಯನ್ನು ಕಾನೂನಿನಲ್ಲೇ ಬರೆದಿಟ್ಟ ಕಡೆಗಳೂ ಇವೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 2013ರ ಕಾಯ್ದೆಯ ಪ್ರಕಾರ, ಓಡುವ ಬಿದಿರನ್ನು ನೆಟ್ಟು ಅದು ಎಲ್ಲೆ ದಾಟಲು ಬಿಟ್ಟವರು ನೆರೆಯವರಿಗಾದ ನಷ್ಟಕ್ಕೆ ಹೊಣೆಗಾರರು. ಅಕ್ಕ ನೆಟ್ಟವಳಲ್ಲ. ಆದರೂ ಮನೆಯ ಜೊತೆಗೆ ಬಿದಿರೂ ಅದರ ಹಂಗೂ ಬಂದಿದ್ದವು.

ಮೇಷ್ಟ್ರು ನಕ್ಷೆಯನ್ನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಎಂಟು ವರ್ಷದಿಂದ ಇದು ನನ್ನದೇ ಎಂದುಕೊಂಡು ನೀರು ಹಾಕುತ್ತಿದ್ದೇನಮ್ಮ" ಎಂದರು ಅಕ್ಕನಿಗೆ. ಅವರಿಗೆ ಅದು ಬೇಕಿತ್ತು. ಮಧ್ಯಾಹ್ನ ಅವರು ಕುರ್ಚಿ ಹಾಕಿಕೊಳ್ಳುವುದು ಅದರ ನೆರಳಿನಲ್ಲಿ.

"ನಿಮ್ಮದನ್ನು ಮುಟ್ಟುವುದಿಲ್ಲ ಮೇಷ್ಟ್ರೇ. ಆದರೆ ನಮ್ಮದಕ್ಕೂ ನಿಮ್ಮದಕ್ಕೂ ಇರುವ ಸಂಬಂಧ ಕಡಿಯಬೇಕು" ಎಂದಳು ಅಕ್ಕ.

"ಸಂಬಂಧ ಕಡಿಯುವುದು ಗೋಡೆಯ ಕೆಳಗೆ ಮಾತ್ರ ತಾನೇ?" ಎಂದು ನಕ್ಕರು. ಮಾತುಕತೆ ಅಲ್ಲಿಗೆ ಮುಗಿಯಿತು. ಎಲ್ಲ ನೆರೆಯವರೂ ಹೀಗಿರುವುದಿಲ್ಲ ಎಂಬುದು ಗೊತ್ತು. ಆದರೆ ಗುಂಡಿ ತೋಡದೆ, ನಕ್ಷೆಯಿಲ್ಲದೆ, ಭಾವನ ಮೊದಲ ಲೆಕ್ಕಾಚಾರದಂತೆ ಹೋಗಿದ್ದರೆ ಇವರೂ ಹೀಗಿರುತ್ತಿರಲಿಲ್ಲ.

ದಾರಿಗಳ ಆಯ್ಕೆ

ಕಳೆನಾಶಕದ ಪ್ರಸ್ತಾಪ ಬಂತು. ಬಿದಿರಿಗೆ ಸಾಮಾನ್ಯವಾಗಿ ಬಳಸುವುದು ಗ್ಲೈಫೋಸೇಟ್. ಅದು ಎಲೆಯಿಂದ ಒಳಗಿಳಿದು, ಸಕ್ಕರೆ ಹರಿಯುವ ದಾರಿಯಲ್ಲೇ ಸಾಗಿ, ಬೆಳೆಯುವ ಮೊಗ್ಗುಗಳಲ್ಲಿ ಕೆಲಸ ಮಾಡುತ್ತದೆ. ಹೀಗಾಗಿ ಸಕ್ಕರೆ ಕೆಳಮುಖವಾಗಿ ಹರಿಯುವ ಕಾಲದಲ್ಲಿ, ಅಂದರೆ ಎಲೆ ಬಲಿತ ಬೇಸಗೆಯ ಕೊನೆಯಲ್ಲಿ ಮತ್ತು ಅದರ ನಂತರ ಸಿಂಪಡಿಸಿದರೆ ಬೇರುಕಾಂಡವನ್ನು ಮುಟ್ಟುತ್ತದೆ; ಕಳಲೆ ಏಳುವಾಗ ಹರಿವು ಮೇಲ್ಮುಖ, ಆಗ ಸಿಂಪಡಿಸುವುದು ದಂಡ. ಒಂದು ಸಲಕ್ಕೆ ಸಾಯುವುದೂ ಇಲ್ಲ. ಆದರೆ ನಮ್ಮ ಪ್ರಕರಣದಲ್ಲಿ ಇದನ್ನು ಬಿಟ್ಟದ್ದಕ್ಕೆ ಕಾರಣ ಬೇರೆ. ಊಟ ಬರುವ ದಾರಿಯಲ್ಲೇ ವಿಷವೂ ಹೋಗುತ್ತದೆ. ಮೇಷ್ಟ್ರಿಗೆ ಮಾತು ಕೊಟ್ಟಾಗಿತ್ತು.

ಯಂತ್ರ ತರಿಸಿ ಅಗೆಸೋಣವೆಂದರೆ ಮನೆಯ ಪಕ್ಕದ ಓಣಿ ಮೂರಡಿ ಅಗಲ. ಹಿತ್ತಲಿನ ನಡುವೆ ಒಳಚರಂಡಿಯ ಕೊಳವೆಯೂ ಹಾದುಹೋಗಿತ್ತು. ಹೂ ಬಿಟ್ಟರೆ ಬಿದಿರು ಸಾಯುತ್ತದೆಯಂತೆ, ಕಾಯಬಾರದೇ ಎಂದು ಅಕ್ಕನ ಮಗಳು ಕೇಳಿದಳು. ಪ್ರಶ್ನೆ ಚೆನ್ನಾಗಿತ್ತು. ಇದೇ ಕುಲದ ಫಿಲೋಸ್ಟ್ಯಾಕಿಸ್ ಬ್ಯಾಂಬೂಸಾಯ್ಡಿಸ್ ಹೂ ಬಿಡುವುದು ಸುಮಾರು 120 ವರ್ಷಕ್ಕೊಮ್ಮೆ ಎಂದು ಹೇಳಿದ ಮೇಲೆ ಅವಳೇ ಗುದ್ದಲಿ ಎತ್ತಿಕೊಂಡಳು.

ಉಳಿದದ್ದು ಕೈಕೆಲಸ. ಆದರೆ ಈ ಸಲ ಕ್ರಮ ಬದಲಾಯಿಸಿದೆವು. ಮೊದಲು ಸಂಪರ್ಕ ಕಡಿಯುವುದು, ಆಮೇಲೆ ಹಸಿವಿಗೆ ಕೆಡವುವುದು, ಕೊನೆಗೆ ಅಗೆಯುವುದು.

ಕಂದಕ

ಚಳಿ ಶುರುವಾಗುವ ಹೊತ್ತಿಗೆ ಕೆಲಸ ಹಿಡಿದೆವು. ಗೋಡೆಯ ಬುಡಕ್ಕೇ ಅಗೆದರೆ ಅಡಿಪಾಯ ಸಡಿಲವಾಗುತ್ತದೆ. ಆದ್ದರಿಂದ ಗೋಡೆಯಿಂದ ಎರಡಡಿ ಬಿಟ್ಟು ಗೆರೆ ಹಾಕಿದೆವು. ಆ ಎರಡಡಿ ನೆಲವನ್ನು ಬಿದಿರಿಗೆ ಬಿಟ್ಟುಕೊಟ್ಟಂತಾಯಿತು. ಭಾವನಿಗೆ ಇದು ಸೋಲಿನಂತೆ ಕಂಡಿತು. "ನಮ್ಮ ನೆಲ ನಾವೇ ಬಿಡುವುದೇ?" ಎಂದು ಎರಡು ದಿನ ಗೊಣಗಿದರು. ಗೋಡೆ ಬೀಳುವುದಕ್ಕಿಂತ ವಾಸಿ ಎಂದು ಅಕ್ಕ ಒಂದೇ ಮಾತಿನಲ್ಲಿ ಮುಗಿಸಿದಳು.

ಕಂದಕ 36 ಅಡಿ ಉದ್ದ, ಒಂದಡಿ ಅಗಲ, ಎರಡೂವರೆ ಅಡಿ ಆಳ. ಲೆಕ್ಕ ಹಾಕಿದರೆ 90 ಘನ ಅಡಿ ಮಣ್ಣು, ತೂಕ ನಾಲ್ಕು ಟನ್ನಿಗೆ ಹತ್ತಿರ. ಕೆಲಸಕ್ಕೆ ಇಬ್ಬರು ಆಳುಗಳು ಬಂದಿದ್ದರು. ಭಾವ ಮೂರನೆಯವರಾಗಿ ಇಳಿದರು. ನಾಲ್ಕು ದಿನ ಹಿಡಿಯಿತು. ಬೇರುಕಾಂಡಗಳು ಹೆಚ್ಚಾಗಿ ಸಿಕ್ಕಿದ್ದು ಮೇಲಿನ ಒಂದಡಿಯೊಳಗೆ. ಬಿದಿರು ಆಳಕ್ಕೆ ಹೋಗುವ ಗಿಡವಲ್ಲ, ಅಗಲಕ್ಕೆ ಹೋಗುವ ಗಿಡ. ಆದರೆ ಗೋಡೆಯ ಅಡಿಪಾಯದ ಕೆಳಗೆ ನುಸುಳಬೇಕಾಗಿ ಬಂದ ಕೆಲವು ಎರಡಡಿಗೆ ಸ್ವಲ್ಪ ಕಡಿಮೆ ಆಳದಲ್ಲಿದ್ದವು. ಒಂದಡಿ ತೋಡಿ ಸಾಕೆಂದು ನಿಲ್ಲಿಸಿದ್ದರೆ ಅವು ಉಳಿದುಬಿಡುತ್ತಿದ್ದವು. ಒಟ್ಟು 31 ಕಡೆ ಕೊಯ್ದೆವು. ಹೆಬ್ಬೆರಳು ದಪ್ಪ, ಹಳದಿ ಬಣ್ಣ, ಗಿಣ್ಣು ಗಿಣ್ಣಿಗೂ ಉಂಗುರದಂತೆ ಬೇರು. ಹಾರೆಯ ಏಟಿಗೆ ಜಗ್ಗುವುದಿಲ್ಲ. ಕೈಗರಗಸವೇ ಬೇಕು.

ಕಂದಕದಲ್ಲಿ ಎಚ್‌ಡಿಪಿಇ ಹಾಳೆ ಇಳಿಸಿದೆವು. ಇದು ಮಾಮೂಲಿ ಪ್ಲಾಸ್ಟಿಕ್ ಅಲ್ಲ, 1.5 ಮಿ.ಮೀ. ದಪ್ಪದ, ಬಗ್ಗಿಸಲು ಇಬ್ಬರು ಬೇಕಾಗುವ ಹಾಳೆ. ತೆಳು ಹಾಳೆಯನ್ನು ಬೇರುಕಾಂಡದ ಮೊನೆ ಸೂಜಿಯಂತೆ ಚುಚ್ಚಿ ದಾಟುತ್ತದೆ. ಹಾಳೆಯ ಮೇಲಂಚನ್ನು ನಮ್ಮ ಕಡೆಗೆ ತುಸು ವಾಲಿಸಿದೆವು. ಆಚೆಯಿಂದ ಬರುವ ಬೇರುಕಾಂಡ ಅದಕ್ಕೆ ತಾಗಿ ಮೇಲಕ್ಕೆ ಜಾರಬೇಕು, ಕೆಳಗೆ ನುಸುಳಬಾರದು. ನೆಲದ ಮೇಲೆ ಎರಡಂಗುಲ ಅಂಚು ಕಾಣುವಂತೆ ಬಿಟ್ಟೆವು. ಕಾಣದಂತೆ ಮುಚ್ಚಿದರೆ ನೋಡಲು ಅಂದ. ಆದರೆ ಬಿದಿರು ಅಂಚನ್ನು ಏರಿ ಈಚೆಗೆ ಇಳಿದರೆ ತಿಳಿಯುವುದೇ ಇಲ್ಲ. ಎರಡು ತುಂಡುಗಳು ಸೇರುವಲ್ಲಿ ಎರಡಡಿ ಒಂದರ ಮೇಲೊಂದು ಬರುವಂತೆ ಮಾಡಿ ಲೋಹದ ಪಟ್ಟಿಯಿಂದ ಬಿಗಿದೆವು. ಬಿದಿರು ಮೊದಲು ಹುಡುಕುವುದು ಸಂದಿಯನ್ನೇ. ಆಮೇಲೆ ಮಣ್ಣನ್ನು ಪದರ ಪದರವಾಗಿ ತುಂಬಿ ತುಳಿದೆವು. ಸಡಿಲ ಮಣ್ಣು ಬಿಟ್ಟರೆ ಬೇರುಕಾಂಡಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಎರಡೂ ಪಕ್ಕದ ಗೋಡೆಗಳ ಬಳಿಯೂ ತೋಡಿ ನೋಡಿದೆವು. ಅಲ್ಲಿ ಏನೂ ಇರಲಿಲ್ಲ.

ಹಾವಿಗೆ ಹಾಲು

ಎರಡನೇ ವರ್ಷದ ಚಿಗುರುಗಾಲ ಹತ್ತಿರವಾದಾಗ ನಾನು ಹೇಳಿದ ಒಂದು ಮಾತು ಭಾವನಿಗೆ ಹಿಡಿಸಲೇ ಇಲ್ಲ. ಹಿತ್ತಲಿಗೆ ಚೆನ್ನಾಗಿ ನೀರು ಹಾಯಿಸಿ ಎಂದಿದ್ದೆ. "ಹಾವಿಗೆ ಹಾಲೆರೆಯಲು ಹೇಳುತ್ತೀಯಲ್ಲ!" ಎಂದರು. ಹೋದ ವರ್ಷದ ಅನುಭವದ ನಂತರ ನನ್ನನ್ನು ಅನುಮಾನಿಸುವ ಹಕ್ಕು ಅವರಿಗಿತ್ತು. ಆದರೆ ಒಣನೆಲದಲ್ಲಿ ಮೊಗ್ಗುಗಳು ಏಳದೆ ಮಲಗಿಬಿಡುತ್ತವೆ, ದಾಸ್ತಾನು ಹಾಗೆಯೇ ಉಳಿಯುತ್ತದೆ. ನಮಗೆ ಬೇಕಿದ್ದದ್ದು ಅದು ಖರ್ಚಾಗುವುದು. ಏಳಬೇಕಾದವೆಲ್ಲ ಏಳಲಿ, ಒಟ್ಟಿಗೆ ಏಳಲಿ.

ಎದ್ದವು. ಮೊದಲ ಸುತ್ತಿನಲ್ಲಿ 96. ಹೆಬ್ಬೆರಳು ದಪ್ಪದವು ಇದ್ದವು, ಆದರೆ ಬೆರಳು ದಪ್ಪದವೇ ಹೆಚ್ಚು. ಎಷ್ಟು ಎತ್ತರಕ್ಕೆ ಬಿಡಬೇಕು ಎಂಬುದರಲ್ಲಿ ಎರಡು ಅಭಿಪ್ರಾಯಗಳಿವೆ. ಆಳೆತ್ತರ ಬಿಟ್ಟು ಕೊಯ್ದರೆ ದಾಸ್ತಾನು ಹೆಚ್ಚು ಕರಗುತ್ತದೆ, ನಿಜ. ಆದರೆ ಒಂದೆರಡು ಕಣ್ತಪ್ಪಿ ಎಲೆ ಬಿಚ್ಚಿದರೆ ಕೂಡಿಸಿದ್ದು ಕಳೆದಂತೆ. ಮನೆಯಲ್ಲಿ ದಿನವೂ ಹಿತ್ತಲಿಗೆ ಹೋಗುವವರಿದ್ದರೆ ಸೊಂಟದೆತ್ತರ, ಇಲ್ಲದಿದ್ದರೆ ಮೊಣಕಾಲೆತ್ತರ ಎಂಬುದು ನನ್ನ ಅಳತೆ. ಎಳೆಯ ಕಳಲೆಯನ್ನು ಕೊಯ್ಯಬೇಕೆಂದೂ ಇಲ್ಲ, ಕಾಲಿನಿಂದ ಒದ್ದರೆ ಗಿಣ್ಣಿನಲ್ಲಿ ಮುರಿಯುತ್ತದೆ. ಅಕ್ಕನ ಮಗಳಿಗೆ ಈ ಕೆಲಸ ಬಹಳ ಇಷ್ಟವಾಯಿತು. ಬರಿಗೈಯಲ್ಲಿ ಮುಟ್ಟಬೇಡ ಎಂದು ಎಚ್ಚರಿಸಿದೆ. ಕಳಲೆಯ ಹೊರಸಿಪ್ಪೆಯಲ್ಲಿ ನವಿರಾದ ಕೂದಲಿದ್ದರೆ ಕೈ ತುರಿಸುತ್ತದೆ.

ನಡುವೆ ಎರಡು ವಾರ ಅವರೆಲ್ಲ ಊರಲ್ಲಿರಲಿಲ್ಲ. ಹಿಂದಿರುಗಿದಾಗ ಕಲ್ಲುಹಾಸಿನ ಬದಿಯಲ್ಲಿ ಹತ್ತು ಹನ್ನೆರಡು ಗಳಗಳು ರೆಂಬೆ ಬಿಚ್ಚಿ ಎಲೆ ಹರಡಿ ನಿಂತಿದ್ದವು. ಅಕ್ಕ ಅಂದೇ ಕೊಯ್ದಳು. ಆ ವರ್ಷದ ಕೊನೆಯವರೆಗೂ ಹಿತ್ತಲಿನ ಬೇರೆಲ್ಲ ಕಡೆಗಿಂತ ಆ ಮೂಲೆಯಲ್ಲೇ ಹೆಚ್ಚು ಚಿಗುರಿದ್ದನ್ನು ಕ್ಯಾಲೆಂಡರ್ ಹೇಳುತ್ತದೆ.

ಎರಡನೇ ಸುತ್ತಿನಲ್ಲಿ 40ರಷ್ಟು, ಪೆನ್ಸಿಲ್ ದಪ್ಪ. ಮೂರನೆಯದರಲ್ಲಿ ಬಂದವು ಕಳಲೆ ಎನಿಸಿಕೊಳ್ಳಲೂ ಲಾಯಕ್ಕಿಲ್ಲದ ಹುಲ್ಲೆಸಳುಗಳು, ಗೇಣುದ್ದ, ದಾರದಷ್ಟು ತೆಳು. ಹಿಂದಿನ ವರ್ಷ ಇದನ್ನೇ ಕಾಯುತ್ತಿದ್ದೆವು. ಈ ಹುಲ್ಲನ್ನು ಕಂಡು ಅಕ್ಕ ಫೋನ್ ಮಾಡಿದಳು. ಹೆಚ್ಚೇನೂ ಹೇಳಲಿಲ್ಲ, "ದಾರ ಬಂದಿದೆ" ಎಂದಳು.

ಅಗೆತ

ಹಸಿವಿಗೆ ಕೆಡವುವುದನ್ನೇ ಇನ್ನೊಂದು ವರ್ಷ ಮುಂದುವರಿಸಬಹುದಿತ್ತು. ಅಗೆಯಲೇಬೇಕೆಂಬ ನಿಯಮವೇನಿಲ್ಲ, ಸತ್ತ ಬೇರುಕಾಂಡ ನೆಲದಲ್ಲೇ ಕೊಳೆಯುತ್ತದೆ. ಆದರೆ ಅಕ್ಕನಿಗೆ ಅಲ್ಲಿ ಗಿಡ ನೆಡಬೇಕಿತ್ತು. ಬೇರಿನ ಚಾಪೆಯ ಮೇಲೆ ಏನನ್ನೂ ನೆಡಲಾಗುವುದಿಲ್ಲ. ಹಾಗಾಗಿ ಆ ವರ್ಷ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಅಗೆತ ಶುರುವಾಯಿತು.

ಅಂಚಿನಿಂದ ಒಳಕ್ಕೆ ಹೋಗುವುದು ಸುಲಭ. ಒಂದು ಬೇರುಕಾಂಡದ ತುದಿ ಹಿಡಿದು ಮಣ್ಣು ಬಿಡಿಸುತ್ತ ಹಿಂದೆ ಹಿಂದೆ ಹೋಗುವುದು, ತೋಳುದ್ದಕ್ಕೆ ಒಮ್ಮೆ ಗರಗಸದಿಂದ ತುಂಡರಿಸಿ ಹಾರೆಯಿಂದ ಮೀಟುವುದು. ಪಿಕಾಸಿಯಿಂದ ಸಿಕ್ಕಸಿಕ್ಕಲ್ಲಿ ಹೊಡೆದರೆ ಅದು ಚೂರುಚೂರಾಗಿ ಮಣ್ಣಿನಲ್ಲಿ ಬೆರೆಯುತ್ತದೆ. ಮೊಗ್ಗಿರುವ ಒಂದೊಂದು ಚೂರೂ ಮತ್ತೆ ಗಿಡವಾಗಬಲ್ಲದು. ಭಾವ ಮೊದಲ ಎರಡು ದಿನ ಮಣ್ಣನ್ನು ಜರಡಿ ಹಿಡಿದು ಕೂದಲಿನಂಥ ಬೇರುಗಳನ್ನೂ ಆರಿಸುತ್ತಿದ್ದರು. ಅದು ಬೇಕಿಲ್ಲ. ಗಿಣ್ಣಿಲ್ಲದ ಬರಿಯ ಬೇರಿನಿಂದ ಬಿದಿರು ಹುಟ್ಟುವುದಿಲ್ಲ. ಇದನ್ನು ಕೇಳಿ ಅವರಿಗಾದ ಸಂತೋಷವನ್ನು ಇಷ್ಟು ವರ್ಷದಲ್ಲಿ ಬೇರೆ ಯಾವುದರಿಂದಲೂ ನಾನು ಕಂಡಿರಲಿಲ್ಲ.

ಒಳಚರಂಡಿಯ ಕೊಳವೆ ಹಾದುಹೋದಲ್ಲಿ ಹಾರೆ ಮುಟ್ಟದೆ ಕೈಯಿಂದಲೇ ಮಣ್ಣು ತೆಗೆದೆವು. ಬೇರುಕಾಂಡ ಅದರ ಮೇಲೆ ಹಾದಿತ್ತು, ಒಳಗೆ ಹೊಕ್ಕಿರಲಿಲ್ಲ. ಗಟ್ಟಿ ಕೊಳವೆಯನ್ನಾಗಲಿ ಬಿರುಕಿಲ್ಲದ ಕಾಂಕ್ರೀಟನ್ನಾಗಲಿ ಬಿದಿರು ಒಡೆದು ನುಗ್ಗುವುದಿಲ್ಲ. ಮೊದಲೇ ಬಿರುಕಿದ್ದರೆ ಅದನ್ನು ಅಗಲ ಮಾಡುತ್ತದೆ. ಸಾಮಾನು ಕೋಣೆಯ ನೆಲ ಬಚಾವಾದದ್ದು ಹೀಗೆ. ಕಲ್ಲುಹಾಸನ್ನು ಮಾತ್ರ ಅರ್ಧ ಕೀಳಿಸಬೇಕಾಯಿತು. ಉಳಿದರ್ಧವನ್ನು ಸೋಮಾರಿತನದಿಂದ ಬಿಟ್ಟೆವು.

ತೆಗೆದ ಬೇರುಕಾಂಡಗಳನ್ನು ಗೊಬ್ಬರದ ಗುಂಡಿಗೆ ಹಾಕಲಿಲ್ಲ. ಅಲ್ಲಿ ಅವು ಸಾಯುವ ಬದಲು ಚಿಗುರುತ್ತವೆ. ಟಾರ್ಪಾಲಿನ ಮೇಲೆ ಹರಡಿ, ಬಗ್ಗಿಸಿದರೆ ಟಪ್ಪೆಂದು ಮುರಿಯುವವರೆಗೆ ಬಿಸಿಲಿಗೆ ಒಣಗಿಸಿದೆವು. ಹಳೆಯ ಗಳಗಳು ಬಳ್ಳಿಗಳಿಗೆ ಆಸರೆ ಕೋಲಾದವು. ಉಳಿದವನ್ನು ಸುಡುವ ಮಾತು ಬಂದಾಗ ಸೀಳಿ ಸುಡಬೇಕೆಂದೆ. ಎರಡು ಗಿಣ್ಣುಗಳ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಯಾದಾಗ ಗಳ ಪಟಾಕಿಯಂತೆ ಸಿಡಿಯುತ್ತದೆ, ಚೂರು ಕಣ್ಣಿಗೆ ಹಾರಬಹುದು.

ಮೂರನೇ ವರ್ಷ

ಏಳು ಕಳಲೆಗಳು. ಐದು, ನಾವು ಕೀಳದೆ ಬಿಟ್ಟ ಕಲ್ಲುಹಾಸಿನ ಸಂದಿಯಲ್ಲಿ. ಎರಡು, ಎಲೆ ಬಿಚ್ಚಿದ್ದ ಆ ಮೂಲೆಯಲ್ಲಿ. ಕಲ್ಲುಹಾಸಿನ ಉಳಿದರ್ಧವನ್ನೂ ಕೀಳಿಸಿದೆವು. ಮೊದಲೇ ಮಾಡಿದ್ದರೆ ಆಳನ್ನು ಎರಡನೇ ಸಲ ಕರೆಯುವ ಖರ್ಚು ಉಳಿಯುತ್ತಿತ್ತು. ಅದೇ ವರ್ಷದ ಕೊನೆಯಲ್ಲಿ ಇನ್ನೊಂದು ಹುಲ್ಲೆಸಳು ಕಾಣಿಸಿತ್ತು. ಈಚೆಗೆ ಏನೂ ಇಲ್ಲ. ಹಿತ್ತಲಿನಲ್ಲಿ ಈಗ ದಾಸವಾಳವಿದೆ. ಗುಲಾಬಿಯನ್ನು ಉಪ್ಪು ಸುರಿದ ಜಾಗದಿಂದ ದೂರವಿಟ್ಟು ನೆಟ್ಟಿದ್ದಾರೆ.

ಹಾಳೆಯ ಅಂಚನ್ನು ವರ್ಷಕ್ಕೆ ಎರಡು ಸಲ ನೋಡಬೇಕು. ಅದರ ಮೇಲೆ ಬಿದ್ದ ತರಗೆಲೆ ಗುಡಿಸಬೇಕು. ಮೇಷ್ಟ್ರು ತಮ್ಮ ಕಡೆಯಿಂದ ನೋಡಿಕೊಳ್ಳುತ್ತೇನೆ ಎಂದು ಒಪ್ಪಿದ್ದಾರೆ. ಅವರ ತೋಟದ ಒಳಕ್ಕೆ ಹೋಗುವ ಅಂಚಿಗೂ ಅವರೇ ಒಂದು ಗೇಣಗಲದ ಕಾಲುವೆ ತೆಗೆದು, ಅದಕ್ಕೆ ಅಡ್ಡ ಬಂದ ಬೇರುಕಾಂಡಗಳನ್ನು ವರ್ಷಕ್ಕೊಮ್ಮೆ ಕತ್ತರಿಸುತ್ತಾರೆ.

ಕಳೆದ ಸಲ ನಾನು ಹೋಗಿದ್ದಾಗ ನಾವೆಲ್ಲ ಹಿತ್ತಲಿನಲ್ಲೇ ಕುಳಿತಿದ್ದೆವು. ಗೋಡೆಯ ಮೇಲಿಂದ ಮೇಷ್ಟ್ರ ತಲೆ ಕಾಣಿಸಿತು. "ಅಮ್ಮಾ, ನಿಮ್ಮ ಹುಡುಗ ಬೇಲಿ ಹಾರುತ್ತಿದ್ದಾನೆ ನೋಡಿ, ಎಡಗಡೆಯಿಂದ ಎರಡನೇ ಕಂಬದ ಬಳಿ" ಎಂದರು. ಹೋಗಿ ನೋಡಿದರೆ ಹೌದು, ಹಾಳೆಯ ಎರಡಂಗುಲ ಅಂಚನ್ನು ಏರಿ, ಕಮಾನಿನಂತೆ ಬಾಗಿ, ಮೊನೆ ಈಚೆಯ ಮಣ್ಣಿಗೆ ಇನ್ನೇನು ತಾಗುವುದರಲ್ಲಿತ್ತು. ಭಾವ ಕತ್ತರಿ ತರಲು ಒಳಗೆ ಹೋದರು.